ಮೂರನೆಯ ದಿನದ ಮದ್ದು

ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದಿರುವುದು: ಇಂಥ ಕಾಯಿಲೆಗಳಿಂದ ಪೂರ್ತಿ ಬಿಡಿಸಿಕೊಳ್ಳಲು ಬಹಳ ಮಂದಿಗೆ ಉಳಿದಿರುವ ದಾರಿ ಬೇರೊಬ್ಬರ ಅಸ್ಥಿಮಜ್ಜೆಯ ಆಕರಕೋಶಗಳು. ಮೂತ್ರಪಿಂಡದ ಕಸಿಯಲ್ಲಿ, ಕೊಟ್ಟ ಅಂಗವನ್ನು ದೇಹ ಒಲ್ಲೆನ್ನಬಹುದೆಂಬ ಭಯ. ಇಲ್ಲಿ ಅದರ ಜೊತೆಗೆ ತಿರುವುಮುರುವಾದ ಇನ್ನೊಂದು ಭಯವೂ ಇದೆ. ಒಳಗೆ ಬಂದ ದಾನಿಯ ಟಿ ಕೋಶಗಳೆಂಬ ಬಿಳಿ ರಕ್ತಕಣಗಳೇ ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಬಗೆದು ಮೇಲೆರಗುತ್ತವೆ. ವಾರ್ಡಿನಲ್ಲಿ ವೈದ್ಯರೂ ಮನೆಯವರೂ ಇದನ್ನು ಜಿವಿಎಚ್‌ಡಿ (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್) ಎಂದೇ ಕರೆಯುತ್ತಾರೆ. ಕಸಿ ಕೈಹಿಡಿದ ಮೇಲೂ ರೋಗಿ ಕೈತಪ್ಪಿಹೋಗಲು ಇದು ದೊಡ್ಡ ಕಾರಣ.

1950ರ ದಶಕದಲ್ಲೇ ಇಲಿಗಳಲ್ಲಿ ಇದು ಕಂಡಿತ್ತು. ವಿಕಿರಣದಿಂದ ಸಾಯಬೇಕಿದ್ದ ಇಲಿಗಳು ಬೇರೊಂದರ ಮಜ್ಜೆಯಿಂದ ಬದುಕಿಕೊಂಡು, ಕೆಲವು ವಾರಗಳ ಬಳಿಕ ಭೇದಿ ಹತ್ತಿ ಸೊರಗಿ ಸತ್ತವು. 1966ರಲ್ಲಿ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಅದರ ಮೂರು ಷರತ್ತುಗಳನ್ನು ಹೇಳಿದರು: ಕಸಿಯಲ್ಲಿ ಕಾದಾಡಬಲ್ಲ ಕೋಶಗಳಿರಬೇಕು, ಪಡೆದವರ ಗುರುತು ಕೊಟ್ಟವರಲ್ಲಿಲ್ಲದ್ದಾಗಿರಬೇಕು, ಪಡೆದ ದೇಹಕ್ಕೆ ಎದುರು ನಿಲ್ಲುವ ಶಕ್ತಿ ಇರಬಾರದು. ಆಮೇಲಿನ ತಡೆಯುಪಾಯಗಳೆಲ್ಲ ಈ ಷರತ್ತುಗಳಲ್ಲಿ ಒಂದನ್ನಾದರೂ ಮುರಿಯುವ ಯತ್ನಗಳೇ.

ಮೊದಲು ಬಂದದ್ದು ಮೆಥೋಟ್ರೆಕ್ಸೇಟ್. ಮುಂದೆ 1990ರಲ್ಲಿ ನೊಬೆಲ್ ಪಡೆದ ಡೊನಾಲ್ ಥಾಮಸ್ ಅವರ ಸಿಯಾಟಲ್ ತಂಡ ಅದನ್ನು ರೂಢಿಗೆ ತಂದಿತು. ಆಮೇಲೆ ಬಂದ ಸೈಕ್ಲೋಸ್ಪೋರಿನ್ ಸಿಕ್ಕಿದ್ದು ನಾರ್ವೆಯ ಮಣ್ಣಿನ ಶಿಲೀಂಧ್ರವೊಂದರಲ್ಲಿ. 1986ರಲ್ಲಿ ರೈನರ್ ಸ್ಟಾರ್ಬ್ ಮತ್ತು ಸಂಗಡಿಗರು ಎರಡನ್ನೂ ಕೂಡಿಸಿ ಕೊಟ್ಟಾಗ ತೀವ್ರ ಜಿವಿಎಚ್‌ಡಿ ಗಣನೀಯವಾಗಿ ಇಳಿಯಿತು. ಆ ಜೋಡಿ ಹಲವು ದಶಕ ಜಗತ್ತನ್ನೇ ಆಳಿತು.

ಟಿ ಕೋಶಗಳನ್ನೇ ಸೋಸಿ ತೆಗೆದುಬಿಟ್ಟರೆ? 1980ರ ದಶಕದಲ್ಲಿ ಅದನ್ನೂ ಮಾಡಿ ನೋಡಿದರು. ಜಿವಿಎಚ್‌ಡಿ ತಗ್ಗಿತು, ಆದರೆ ಕಸಿ ಕೈಕೊಡುವುದು ಹೆಚ್ಚಿತು, ಲ್ಯುಕೇಮಿಯಾ ಮರಳಿ ಬರತೊಡಗಿತು. ರೋಗಿಯನ್ನು ಕಾಡುವ ಅದೇ ಕೋಶಗಳು ಅಳಿದುಳಿದ ಕ್ಯಾನ್ಸರನ್ನೂ ಕೊಲ್ಲುತ್ತಿದ್ದವು. ಈ ಕ್ಷೇತ್ರದ ಅತಿ ಕಠಿಣ ಪಾಠ ಇದೆಂದು ನನ್ನ ಎಣಿಕೆ: ಪೂರ್ತಿ ತಡೆದರೂ ಕಷ್ಟ, ತಡೆಯದಿದ್ದರೂ ಕಷ್ಟ.

ಭಾರತದಲ್ಲಿ ಈ ಕಸಿ ಶುರುವಾದದ್ದು 1983ರಲ್ಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಸುರೇಶ್ ಅಡ್ವಾಣಿಯವರ ನೇತೃತ್ವದಲ್ಲಿ. 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಮ್ಯಾಮನ್ ಚಾಂಡಿ ಆರಂಭಿಸಿದರು. ಆಮೇಲೆ ಚೆನ್ನೈ ಕೂಡ ಕಸಿಯ ಕೇಂದ್ರವಾಗಿ ಬೆಳೆಯಿತು. ಆ ಕಾಲಕ್ಕೆ ದಾನಿ ಎಂದರೆ ಎಚ್‌ಎಲ್‌ಎ ಎಂಬ ಕೋಶಗುರುತು ಪೂರ್ತಿ ಹೊಂದುವ ಒಡಹುಟ್ಟಿದವರು. ಒಬ್ಬೊಬ್ಬ ಒಡಹುಟ್ಟಿದವರಲ್ಲಿ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೆರಡೇ ಮಕ್ಕಳಿರುವ ಇಂದಿನ ಮನೆಗಳಲ್ಲಿ ಅಂಥ ದಾನಿ ಸಿಗುವುದು ಕಷ್ಟ.

ದಕ್ಷಿಣದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ರೂಢಿ ಕನ್ನಡನಾಡಿನಲ್ಲೂ ತಮಿಳುನಾಡಿನಲ್ಲೂ ಉಂಟು. ಆನುವಂಶಿಕ ರೋಗನಿರೋಧಕ ದೋಷಗಳು ಇಂಥ ಮನೆಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತವೆ. ಅದೇ ಕಾರಣಕ್ಕೆ ಚಿಕ್ಕಪ್ಪ, ಅತ್ತೆ, ಅಜ್ಜಿಯರಲ್ಲೂ ಹೊಂದುವ ದಾನಿ ಸಿಗುವ ಸಂಭವ ಹೆಚ್ಚು. ಹುಡುಕಾಟವನ್ನು ಅಣ್ಣತಮ್ಮಂದಿರಿಗೇ ನಿಲ್ಲಿಸುವುದು ಅವಕಾಶ ಕಳೆದುಕೊಂಡಂತೆ.

ದೊಡ್ಡ ತಿರುವು ಬಂದದ್ದು ಹಳೆಯ ಮದ್ದೊಂದರಿಂದ. ಸೈಕ್ಲೋಫಾಸ್ಫಮೈಡ್ 1959ರಿಂದಲೂ ಕ್ಯಾನ್ಸರಿಗೆ ಬಳಕೆಯಲ್ಲಿದೆ, ಅಗ್ಗವೂ ಹೌದು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲಿಯೊ ಲುಜ್ನಿಕ್, ಎಫ್ರೈಮ್ ಫುಕ್ಸ್ ಅವರ ತಂಡ ಅದನ್ನು ಕಸಿಯಾದ ಮೇಲೆ ಕೊಟ್ಟಿತು. ಮೊದಮೊದಲು ಮೂರನೆಯ ದಿನ ಮಾತ್ರ, ಬಳಿಕ ಮೂರು ಮತ್ತು ನಾಲ್ಕನೆಯ ದಿನಗಳಲ್ಲಿ. ಅಷ್ಟರಲ್ಲಿ ರೋಗಿಯ ಮೇಲೆ ಕೆರಳಿದ ಟಿ ಕೋಶಗಳು ಭರದಿಂದ ಇಬ್ಬಾಗವಾಗುತ್ತಿರುತ್ತವೆ, ಮದ್ದಿನ ಪೆಟ್ಟು ಬೀಳುವುದು ಅವುಗಳಿಗೆ. ಆಕರಕೋಶಗಳಲ್ಲಿ ಈ ಮದ್ದನ್ನು ನಿರ್ವಿಷಗೊಳಿಸುವ ಕಿಣ್ವ ಸಾಕಷ್ಟಿರುವುದರಿಂದ ಅವು ಬದುಕುಳಿಯುತ್ತವೆ. ಜಗಳವನ್ನು ಹದ್ದುಬಸ್ತಿನಲ್ಲಿಡುವ ಟಿ ಕೋಶಗಳೂ ಉಳಿದು ಮುಂದೆ ಕಾವಲಾಗುತ್ತವೆ. 2008ರ ವರದಿಯ ನಂತರ ಅರ್ಧ ಹೊಂದುವ ತಂದೆ, ತಾಯಿ, ಮಕ್ಕಳೂ ದಾನಿಗಳಾದರು.

ಚೆನ್ನೈಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ತೇನಾಂಪೇಟೆಯ ಅಪೋಲೊ ಆಸ್ಪತ್ರೆಯಲ್ಲಿ ರೇವತಿ ರಾಜ್, ರಮ್ಯಾ ಉಪ್ಪುಲೂರಿ ಅವರ ತಂಡ ರೋಗನಿರೋಧಕ ದೋಷದ ಮಕ್ಕಳಿಗೆ ಹೆತ್ತವರಿಂದಲೇ ಕಸಿ ಮಾಡಿ ಅನುಭವವನ್ನು ವೈದ್ಯಪತ್ರಿಕೆಗಳಲ್ಲಿ ಪ್ರಕಟಿಸಿದೆ. ಕೋಶ ಸೋಸುವ ದುಬಾರಿ ಉಪಕರಣವೇ ಬೇಕೆಂಬ ಕಟ್ಟುಪಾಡು ತಪ್ಪಿದ್ದರಿಂದ ಬಡವರ ಮಗುವಿಗೂ ಬಾಗಿಲು ತೆರೆಯಿತು. 2023ರ ಅಮೆರಿಕದ ಪ್ರಯೋಗವೊಂದು, ಪೂರ್ತಿ ಹೊಂದುವ ದಾನಿಯಿದ್ದವರಲ್ಲೂ ಈ ಮದ್ದು ಸೇರಿದ ಚಿಕಿತ್ಸೆಯೇ ಮೇಲೆಂದು ತೋರಿಸಿತು. ಒಂದು ವರ್ಷದ ಹೊತ್ತಿಗೆ ಗಂಭೀರ ಜಿವಿಎಚ್‌ಡಿಯಾಗಲಿ ರೋಗದ ಮರುಕಳಿಕೆಯಾಗಲಿ ಇಲ್ಲದೆ ಬದುಕಿದ್ದವರು ಇದರಲ್ಲಿ ಶೇ. 52.7, ಟ್ಯಾಕ್ರೋಲಿಮಸ್–ಮೆಥೋಟ್ರೆಕ್ಸೇಟ್ ಜೋಡಿಯಲ್ಲಿ ಶೇ. 34.9. 2021ರಲ್ಲಿ ಅಮೆರಿಕದಲ್ಲಿ ಜಿವಿಎಚ್‌ಡಿ ತಡೆಗೆ ಅನುಮತಿ ಪಡೆದ ಅಬಟಾಸೆಪ್ಟ್ ಎಂಬ ಮದ್ದು ಕೂಡ ಒಳ್ಳೆಯದೇ. ಆದರೆ ನಮ್ಮ ಮಟ್ಟಿಗೆ ಬೆಲೆಯೂ ಚಿಕಿತ್ಸೆಯ ಭಾಗವೇ ಆಗಿರುವುದರಿಂದ ನನ್ನ ಒಲವು ಹಳೆಯ ಮದ್ದಿನ ಕಡೆಗೆ.

ತೊಡಕುಗಳು ಮುಗಿದಿಲ್ಲ. ರೋಗನಿರೋಧಕ ಶಕ್ತಿಯನ್ನು ಅದುಮಿದಷ್ಟೂ ಸೋಂಕಿಗೆ ದಾರಿ. ನಮ್ಮಲ್ಲಿ ಬಹುತೇಕ ಎಲ್ಲ ವಯಸ್ಕರ ಮೈಯಲ್ಲೂ ಅಡಗಿರುವ ಸೈಟೋಮೆಗಲೊ ವೈರಾಣು ಆಗ ಎದ್ದು ಕೂರುತ್ತದೆ. ಊರಿಗೆ ಮರಳಿದ ಮೇಲೆ ಮಾತ್ರೆ ತಪ್ಪಿಸಿದರೂ ಅಪಾಯ, ರಕ್ತಪರೀಕ್ಷೆ ತಪ್ಪಿಸಿದರೂ ಅಪಾಯ. ಮೈಮೇಲೆ ಹೊಸ ದದ್ದು, ನಿಲ್ಲದ ಭೇದಿ, ಕಣ್ಣು ಹಳದಿ: ಇವುಗಳಲ್ಲಿ ಯಾವುದು ಕಂಡರೂ ಕಸಿ ಮಾಡಿದ ಆಸ್ಪತ್ರೆಗೆ ಅಂದೇ ತಿಳಿಸಬೇಕು, ಹತ್ತಿರದ ಔಷಧಿ ಅಂಗಡಿಗಲ್ಲ.

ಮನೆಯೊಳಗೆ ತಕ್ಕ ದಾನಿ ಇಲ್ಲದವರು ಇಂದಿಗೂ ಇದ್ದಾರೆ. ಭಾರತೀಯರಿಗೆ ಹೊಂದುವ ದಾನಿ ಹೆಚ್ಚಾಗಿ ಭಾರತೀಯರಲ್ಲೇ ಸಿಗಬೇಕು. ಚೆನ್ನೈನಲ್ಲಿ 2009ರಲ್ಲಿ ಹುಟ್ಟಿದ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಇವೆರಡೂ ದಾನಿಗಳ ನೋಂದಣಿ ನಡೆಸುತ್ತಿವೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟರೆ ಹೆಸರು ಸೇರುತ್ತದೆ. ಆರೋಗ್ಯವಾಗಿರುವ ತರುಣ ತರುಣಿಯರು ಈ ವಾರವೇ ಹೆಸರು ಬರೆಸಿ, ಕರೆ ಬಂದ ದಿನ ಹಿಂಜರಿಯದೆ ಹೋಗಿ.