ಭ್ರೂಣ, ಆತ್ಮ, ಆಕರಕೋಶ: ಒಂದು ಪ್ರಶ್ನೆಯ ಚರಿತ್ರೆ

ಮಾನವ ಭ್ರೂಣದ ಆಕರಕೋಶಗಳ ಕುರಿತ ಚರ್ಚೆಯಲ್ಲಿ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ. ಗರ್ಭಧಾರಣೆಯಾದ ಕೂಡಲೇ ಭ್ರೂಣಕ್ಕೆ ವಿವೇಕಾತ್ಮವಿರುವುದಿಲ್ಲವೆಂದು ಸಂತ ಥಾಮಸ್ ಅಕ್ವಿನಾಸರೇ ಬೋಧಿಸಿರುವಾಗ, ಐದು ದಿನದ ಭ್ರೂಣವನ್ನು ಸಂಶೋಧನೆಗಾಗಿ ಬಳಸುವುದರಲ್ಲಿ ದೋಷವೇನು ಎಂಬುದೇ ಆ ವಾದ. ಇದು ಚರಿತ್ರೆಯನ್ನು ಆಧರಿಸಿದ ವಾದವಾದ್ದರಿಂದ ಇದಕ್ಕೆ ಉತ್ತರವನ್ನೂ ಚರಿತ್ರೆಯಲ್ಲಿಯೇ ಅರಸಬೇಕು.

ಅಕ್ವಿನಾಸರ ಬೋಧನೆಯ ಮೂಲ ಅರಿಸ್ಟಾಟಲನ ಜೀವಶಾಸ್ತ್ರ. ತಾಯಿಯ ರಕ್ತವೇ ದ್ರವ್ಯ, ತಂದೆಯ ಬೀಜವೇ ಅದಕ್ಕೆ ರೂಪ ಕೊಡುವ ಶಕ್ತಿ ಎಂಬುದು ಆತನ ಗ್ರಹಿಕೆ. ಗಂಡು ಭ್ರೂಣ ಸುಮಾರು 40 ದಿನಗಳಿಗೂ ಹೆಣ್ಣು ಭ್ರೂಣ ಸುಮಾರು 90 ದಿನಗಳಿಗೂ ರೂಪುಗೊಳ್ಳುತ್ತದೆಂದು ಆತ ಬರೆದನು. ವಿಮೋಚನಕಾಂಡ 21:22-23ರ ಪ್ರಾಚೀನ ಗ್ರೀಕ್ ಅನುವಾದವೂ ರೂಪುಗೊಂಡ ಭ್ರೂಣ, ರೂಪುಗೊಳ್ಳದ ಭ್ರೂಣ ಎಂದು ಭೇದವೆಣಿಸಿತು. ಸಂತ ಅಗಸ್ಟೀನರು ಆ ಪಾಠವನ್ನೇ ಚರ್ಚಿಸಿದರು. ಸಸ್ಯಾತ್ಮ, ಸಂವೇದನಾತ್ಮಗಳ ಹಂತಗಳನ್ನು ದಾಟಿದ ಬಳಿಕ, ದೇಹವು ತಕ್ಕಷ್ಟು ಸಿದ್ಧವಾದಾಗ, ದೇವರು ವಿವೇಕಾತ್ಮವನ್ನು ಸೃಷ್ಟಿಸಿ ಅನುಗ್ರಹಿಸುತ್ತಾರೆಂದು ಅಕ್ವಿನಾಸರು ನಿರೂಪಿಸಿದರು.

ಆದರೆ ಆತ್ಮ ಯಾವಾಗ ಬರುತ್ತದೆಂಬ ಪ್ರಶ್ನೆ ಬೇರೆ, ಭ್ರೂಣವನ್ನು ನಾಶಮಾಡಬಹುದೇ ಎಂಬ ಪ್ರಶ್ನೆ ಬೇರೆ. ನಾಲ್ಕನೆಯ ಶತಮಾನದಲ್ಲಿಯೇ ಸಂತ ಬೆಸಿಲರು ರೂಪುಗೊಂಡದ್ದು, ರೂಪುಗೊಳ್ಳದ್ದು ಎಂಬ ಸೂಕ್ಷ್ಮ ಭೇದವನ್ನು ಬದಿಗಿಟ್ಟರು. ಆ ಭೇದವನ್ನು ಒಪ್ಪಿದ ಪಾಶ್ಚಾತ್ಯ ಸಂಪ್ರದಾಯವೂ ಆತ್ಮ ಬರುವ ಮುನ್ನ ಮಾಡುವ ಭ್ರೂಣನಾಶವನ್ನು ಘೋರ ಪಾಪವೆಂದೇ ಎಣಿಸಿತು. ಅದನ್ನು ನರಹತ್ಯೆ ಎಂದು ಕರೆಯಬೇಕೇ, ವಿಧಿಸಬೇಕಾದ ಶಿಕ್ಷೆ ಯಾವುದು ಎಂಬುದಷ್ಟೇ ಚರ್ಚೆಯ ವಿಷಯವಾಗಿತ್ತು. 1588ರಲ್ಲಿ ಜಗದ್ಗುರು ಐದನೆಯ ಸಿಕ್ಸ್ತುಸರು ಶಿಕ್ಷೆಯಲ್ಲಿ ಈ ಭೇದವನ್ನು ತೆಗೆದುಹಾಕಿದರು. 1591ರಲ್ಲಿ ಹದಿನಾಲ್ಕನೆಯ ಗ್ರೆಗೊರಿಯವರು ಮರಳಿ ತಂದರು. 1869ರಲ್ಲಿ ಒಂಬತ್ತನೆಯ ಪಿಯುಸರು ಮತ್ತೆ ಕೈಬಿಟ್ಟರು. ಬದಲಾದದ್ದು ದಂಡವಿಧಿ, ನೈತಿಕ ತೀರ್ಪಲ್ಲ.

ಅಷ್ಟರಲ್ಲಿ ಅರಿಸ್ಟಾಟಲನ ಜೀವಶಾಸ್ತ್ರವೇ ಕುಸಿದಿತ್ತು. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರ್ ಸಸ್ತನಿಗಳ ಅಂಡಾಣುವನ್ನು ಗುರುತಿಸಿದರು. 1876ರಲ್ಲಿ ಆಸ್ಕರ್ ಹರ್ಟ್‌ವಿಗ್, ಫಲೀಕರಣವೆಂದರೆ ಎರಡು ಕೋಶಕೇಂದ್ರಗಳ ಸಂಯೋಗವೆಂದು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯಲ್ಲಿ ತೋರಿಸಿದರು. ರೂಪವಿಲ್ಲದ ರಕ್ತಕ್ಕೆ ಹೊರಗಿನಿಂದ ರೂಪ ದೊರೆಯುತ್ತದೆಂಬ ಕಲ್ಪನೆಗೆ ಇನ್ನು ನೆಲೆಯಿರಲಿಲ್ಲ. ಅಕ್ವಿನಾಸರ ತತ್ತ್ವವನ್ನು ಉಳಿಸಿಕೊಂಡು ಅವರ ಕಾಲದ ವಿಜ್ಞಾನವನ್ನು ಬಿಟ್ಟರೆ ಅವರೇ ಯಾವ ತೀರ್ಮಾನಕ್ಕೆ ಬರುತ್ತಿದ್ದರೆಂಬುದು ಇಂದಿಗೂ ಗಂಭೀರವಾದ ಪ್ರಶ್ನೆ.

1891ರಲ್ಲಿ ಹಾನ್ಸ್ ಡ್ರೀಶ್ ಅದೇ ಜೀವಿಯ ಎರಡು ಕೋಶಗಳ ಹಂತದ ಭ್ರೂಣವನ್ನು ಕುಲುಕಿ ಕೋಶಗಳನ್ನು ಬೇರ್ಪಡಿಸಿದರು. ಪ್ರತಿಯೊಂದೂ ಅರ್ಧ ಜೀವಿಯಾಗದೆ, ಗಾತ್ರದಲ್ಲಿ ಚಿಕ್ಕದಾದರೂ ಪೂರ್ಣವಾದ ಮರಿಯಾಗಿ ಬೆಳೆಯಿತು. ಇದನ್ನು ವಿವರಿಸಲು ಅವರು ಅರಿಸ್ಟಾಟಲನ ‘ಎಂಟೆಲೆಕಿ’ ಎಂಬ ಪದವನ್ನೇ ಮರಳಿ ತಂದರು. ಒಂದು ಪ್ರಶ್ನೆಯೂ ಅಲ್ಲಿಯೇ ಹುಟ್ಟಿತು: ಎರಡಾಗಬಲ್ಲದ್ದನ್ನು ಒಂದು ಎಂದು ಕರೆಯುವುದು ಹೇಗೆ?

1981ರಲ್ಲಿ ಇಲಿಯ ಭ್ರೂಣದಿಂದ, 1998ರಲ್ಲಿ ಜೇಮ್ಸ್ ಥಾಮ್ಸನ್ ಅವರ ಪ್ರಯೋಗಾಲಯದಲ್ಲಿ ಮಾನವ ಭ್ರೂಣದಿಂದ ಆಕರಕೋಶಗಳನ್ನು ಪಡೆದು ಬೆಳೆಸಲಾಯಿತು. ಸುಮಾರು ಐದನೆಯ ದಿನದ ಭ್ರೂಣಕ್ಕೆ ಬ್ಲಾಸ್ಟೊಸಿಸ್ಟ್ ಎಂದು ಹೆಸರು. ಅದರ ಹೊರಪದರದಿಂದ ಮಾಸು ಬೆಳೆಯುತ್ತದೆ; ಒಳಗಿನ ಕೋಶಗಳ ಗುಂಪಿನಿಂದ ದೇಹವೆಲ್ಲ ರೂಪುಗೊಳ್ಳುತ್ತದೆ. ಆ ಒಳಗುಂಪನ್ನು ತೆಗೆದಾಗ ಭ್ರೂಣ ನಾಶವಾಗುತ್ತದೆ. ಅದರ ಕೋಶಗಳು ದೇಹದ ಯಾವ ಅಂಗಾಂಶವಾದರೂ ಆಗಬಲ್ಲವು. ಆದ್ದರಿಂದ ಅವನ್ನು ಪ್ಲೂರಿಪೊಟೆಂಟ್ ಕೋಶಗಳೆನ್ನುತ್ತಾರೆ.

ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಸಂಶೋಧನೆಗೆ 14 ದಿನಗಳ ಮಿತಿಯನ್ನು ಸೂಚಿಸಿತು. ಅವಳಿಯಾಗಿ ಒಡೆಯುವ ಸಾಧ್ಯತೆ ಮುಗಿಯುವವರೆಗೆ ಅಲ್ಲಿ ಒಬ್ಬ ವ್ಯಕ್ತಿಯಿಲ್ಲವೆಂದು ಸಲೇಶಿಯನ್ ಗುರು ನಾರ್ಮನ್ ಫೋರ್ಡ್ 1988ರಲ್ಲಿ ವಾದಿಸಿದರು. ಇದು ಹಗುರವಾಗಿ ತಳ್ಳಿಹಾಕುವ ವಾದವಲ್ಲ. ಆದರೂ ವಿಭಜನೆಯಾಗಬಲ್ಲದ್ದು ವಿಭಜನೆಗೆ ಮುನ್ನ ಒಂದಾಗಿರಲಿಲ್ಲವೆಂದು ಇದರಿಂದ ಸಿದ್ಧವಾಗದು. ಡ್ರೀಶ್ ಬೇರ್ಪಡಿಸದಿದ್ದರೆ ಆ ಎರಡು ಕೋಶಗಳು ಸೇರಿ ಒಂದೇ ಮರಿಯಾಗುತ್ತಿದ್ದವು. ಭಾಗಗಳಿಗೆ ಎಷ್ಟೇ ಸಾಮರ್ಥ್ಯವಿದ್ದರೂ ಒಟ್ಟಿಗಿರುವಾಗ ಅವು ಒಂದೇ ಗುರಿಯತ್ತ ಸಂಘಟಿತವಾಗಿರುತ್ತವೆ.

ಧರ್ಮಸಭೆಯು ಇಲ್ಲಿ ತೋರಿದ ಸಂಯಮ ಗಮನಾರ್ಹ. ಆತ್ಮ ಬರುವ ಕ್ಷಣದ ತಾತ್ತ್ವಿಕ ಪ್ರಶ್ನೆಯನ್ನು 1974ರ ವ್ಯಾಟಿಕನ್ ಪ್ರಕಟಣೆ ಉದ್ದೇಶಪೂರ್ವಕವಾಗಿ ತೆರೆದಿಟ್ಟಿತು. ಮಾನವ ವ್ಯಕ್ತಿಯಿರುವ ಸಂಭವವೊಂದೇ ಭ್ರೂಣವನ್ನು ಕೊಲ್ಲುವುದರ ನಿಷೇಧಕ್ಕೆ ಸಾಕೆಂದು 1995ರ ವಿಶ್ವಪರಿಪತ್ರ ‘ಎವಾಂಜೆಲಿಯುಮ್ ವೀತೆ’ ಬೋಧಿಸಿತು. ವಯಸ್ಕರ ದೇಹದಿಂದಲೂ ಹೊಕ್ಕುಳಬಳ್ಳಿಯ ರಕ್ತದಿಂದಲೂ ಆಕರಕೋಶಗಳನ್ನು ಪಡೆಯುವುದು ಧರ್ಮಸಮ್ಮತವೆಂದೂ ಜೀವಂತ ಭ್ರೂಣವನ್ನು ನಾಶಮಾಡಿ ಪಡೆಯುವುದು ಅಕ್ರಮವೆಂದೂ 2008ರ ‘ದಿಗ್ನಿತಾಸ್ ಪೆರ್ಸೋನೆ’ ಸ್ಪಷ್ಟಪಡಿಸಿತು.

ಶಿನ್ಯಾ ಯಮನಾಕ 2006ರಲ್ಲಿ ನಾಲ್ಕು ಜೀನುಗಳ ನೆರವಿನಿಂದ ಇಲಿಯ ಸಾಮಾನ್ಯ ಕೋಶಗಳನ್ನೂ ಮರುವರ್ಷ ಮಾನವ ಚರ್ಮದ ಕೋಶಗಳನ್ನೂ ಪ್ಲೂರಿಪೊಟೆಂಟ್ ಸ್ಥಿತಿಗೆ ಮರಳಿಸಿದರು. ಭ್ರೂಣನಾಶವಿಲ್ಲದ ಹಾದಿಯೊಂದು ತೆರೆಯಿತು. ಆದರೆ 2021ರಲ್ಲಿ ಇಂಥ ಕೋಶಗಳಿಂದಲೇ ಬ್ಲಾಸ್ಟೊಸಿಸ್ಟನ್ನು ಹೋಲುವ ರಚನೆಗಳೂ ಸಿದ್ಧವಾದವು. ಅವು ಬರಿಯ ಕೋಶಗಳ ಗುಂಪೇ, ತಾನಾಗಿ ಬೆಳೆಯಬಲ್ಲ ಸಂಘಟಿತ ಜೀವಿಯೇ ಎಂಬ ಪ್ರಶ್ನೆ ಇಂದು ನಮ್ಮ ಮುಂದಿದೆ.

ನಾಳೆ ಧರ್ಮಕೇಂದ್ರಗಳಲ್ಲಿ ಆಪ್ತಸಲಹೆ ನೀಡಬೇಕಾದ ಗುರು ಅಭ್ಯರ್ಥಿಗಳು ಈ ಚರಿತ್ರೆಯಿಂದ ಕಲಿಯಬೇಕಾದದ್ದು ಎರಡು. ಒಂದು, ವಿಜ್ಞಾನವನ್ನು ನಿಷ್ಠೆಯಿಂದ ಅರಿಯುವುದು. ಅಕ್ವಿನಾಸರೂ ತಮ್ಮ ಕಾಲದ ಶ್ರೇಷ್ಠ ವಿಜ್ಞಾನವನ್ನೇ ಅವಲಂಬಿಸಿದ್ದರು. ಎರಡು, ಸಂದೇಹವಿರುವಾಗ ಅದರ ಪ್ರಯೋಜನವನ್ನು ಬಲಹೀನರಿಗೆ ಬಿಟ್ಟುಕೊಡುವುದು. ದಿನಗಳ ಲೆಕ್ಕ ಶತಮಾನದಿಂದ ಶತಮಾನಕ್ಕೆ ಬದಲಾದಾಗಲೂ ಧರ್ಮಸಭೆ ಕೈಬಿಡದ ನಿಲುವು ಇದೇ.