ಬೂದಿಯ ಕ್ಷಾರ ಮತ್ತು ಪೀಕನ್ ಮರದ ಕಸಿ

ಇಂಗ್ಲೆಂಡಿನ ಬೀದಿಗಳಲ್ಲಿ ಮಾರಾಟವಾಗುತ್ತಿದ್ದ ಹಳೆಯ ಮಫಿನ್, ಯೀಸ್ಟ್‌ನಿಂದ ಹುದುಗಿಸಿ ಕಾವಲಿಯ ಮೇಲೆ ಬೇಯಿಸಿದ ದಪ್ಪ ರೊಟ್ಟಿಯಾಗಿದ್ದರೆ, ಅಮೆರಿಕದ ಮನೆಗಳಲ್ಲಿ ಪೀಕನ್ ಅಥವಾ ಅಕ್ರೋಟಿನ ಚೂರುಗಳನ್ನು ಬೆರೆಸಿ ಓವನ್‌ನಲ್ಲಿ ಬೇಯಿಸುವ ಬಟ್ಟಲಾಕಾರದ ಮಫಿನ್ ರಾಸಾಯನಿಕ ಹುದುಗಿನ ಫಲ. ಮರದ ಬೂದಿಯನ್ನು ನೀರಿನಲ್ಲಿ ಸೋಸಿ, ಬತ್ತಿಸಿ, ಶುದ್ಧಗೊಳಿಸಿದ ಪರ್ಲ್‌ಆ್ಯಶ್ ಎಂಬ ಕ್ಷಾರದ ಬಳಕೆ 1796ರಲ್ಲಿ ಪ್ರಕಟವಾದ ಅಮೀಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ಯಲ್ಲೇ ಕಾಣಸಿಗುತ್ತದೆ, ಹುಳಿ ಹಾಲಿನ ಆಮ್ಲದೊಡನೆ ಕೂಡಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡಿ ಹಿಟ್ಟನ್ನು ಬೇಗನೆ ಉಬ್ಬಿಸುತ್ತಿತ್ತು. ಮುಂದೆ ಅಡುಗೆ ಸೋಡಾ, ಬೇಕಿಂಗ್ ಪೌಡರ್‌ಗಳು ಬಂದವು.

ಮಫಿನ್‌ಗೆ ಬೆರೆಸುವ ಪೀಕನ್ ಬೀಜದ ಚರಿತ್ರೆ ಈ ಹುದುಗಿನ ಚರಿತ್ರೆಗಿಂತ ಗಾಢವಾದುದು. ಪೀಕನ್ ಉತ್ತರ ಅಮೆರಿಕದ್ದೇ ಆದ ಮರವಾಗಿದ್ದು, ಯುರೋಪಿಯನ್ನರು ಬರುವುದಕ್ಕೆ ಬಹಳ ಮೊದಲೇ ಅಲ್ಲಿನ ಮೂಲನಿವಾಸಿಗಳು ನದಿಕಣಿವೆಗಳಲ್ಲಿ ಅದರ ಕಾಯಿಗಳನ್ನು ಆಯ್ದು ಶೇಖರಿಸುತ್ತಿದ್ದರು. ಬೀಜದಿಂದ ಹುಟ್ಟಿದ ಗಿಡ ತಾಯಿಮರದ ಗುಣವನ್ನೇ ಉಳಿಸಿಕೊಳ್ಳುವುದು ಖಚಿತವಲ್ಲದ ಕಾರಣ, ಒಳ್ಳೆಯ ಮರದ ಕುಡಿಯನ್ನು ಇನ್ನೊಂದು ಗಿಡಕ್ಕೆ ಜೋಡಿಸುವ ಕಸಿ ವಿಧಾನವಿಲ್ಲದೆ ಪೀಕನ್ ತೋಟದ ಬೆಳೆಯಾಗುವಂತಿರಲಿಲ್ಲ. 1840ರ ದಶಕದಲ್ಲಿ ಲೂಸಿಯಾನದ ಓಕ್ ಆ್ಯಲಿ ತೋಟದಲ್ಲಿ ಗುಲಾಮಗಿರಿಯಲ್ಲಿದ್ದ ಆಂಟ್ವಾನ್ ಎಂಬ ತೋಟಗಾರರು ಈ ಕಸಿಯನ್ನು ಸಾಧಿಸಿದರು. ಅವರು ಬೆಳೆಸಿದ ತಳಿ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಮನ್ನಣೆ ಗಳಿಸಿ ‘ಸೆಂಟೆನಿಯಲ್’ ಎಂದು ಹೆಸರಾಯಿತು. ಅಡುಗೆಯ ಚರಿತ್ರೆಗಳು ಬೇಕಿಂಗ್ ಪೌಡರ್‌ನ ತಯಾರಕರಿಗೆ ಕೊಡುವ ಗೌರವವನ್ನೇ ಈ ತೋಟಗಾರರಿಗೂ ಕೊಡಬೇಕು, ಏಕೆಂದರೆ ಒಂದೇ ಗಾತ್ರದ, ತೆಳು ಸಿಪ್ಪೆಯ, ಸುಲಭವಾಗಿ ಒಡೆಯುವ ಪೀಕನ್ ಸಾಮಾನ್ಯ ಅಡುಗೆಮನೆಗಳನ್ನು ತಲುಪಿದ್ದು ಆ ಕಸಿಯ ದಾರಿಯಲ್ಲೇ.