ಕಣ್ಣೀರು ಅಳೆಯುವ ಕಾಗದ

ನಮ್ಮ ಆಫೀಸಲ್ಲಿ ಯಾರ ಡೆಸ್ಕ್ ನೋಡಿದ್ರೂ ಎರಡು ವಸ್ತು ಇರ್ತವೆ: ನೀರಿನ ಬಾಟಲಿ, ಕಣ್ಣಿನ ಡ್ರಾಪ್ಸ್. ಮಧ್ಯಾಹ್ನ ಮೂರರ ಹೊತ್ತಿಗೆ ಕಣ್ಣಿಗೆ ಮರಳು ಎರಚಿದ ಹಾಗಾಗುತ್ತೆ, ಎರಡು ತೊಟ್ಟು ಬಿಟ್ಕೊಂಡು ಮತ್ತೆ ಕೋಡ್ ನೋಡೋಕೆ ಕೂರ್ತೀವಿ. ಆ ಪುಟ್ಟ ಬಾಟಲಿಯ ಮೇಲೆ ಏನು ಬರೆದಿದೆ ಅಂತ ನಾನು ಯಾವತ್ತೂ ಓದಿರಲಿಲ್ಲ. ಓದುವ ಹಾಗೆ ಮಾಡಿದ್ದು ನಮ್ಮಮ್ಮ.

ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಅಮ್ಮ ಇಪ್ಪತ್ತು ವರ್ಷ ಸೌದೆ ಒಲೆ ಮುಂದೆ ಕೂತವಳು. ಕಣ್ಣುರಿ ಯಾಕೆ ಅಂದ್ರೆ "ಹೊಗೆ ಕಣಪ್ಪ" ಅನ್ನೋಳು. ಮನೆಗೆ ಗ್ಯಾಸ್ ಬಂದು ವರ್ಷಗಳಾದರೂ ಉರಿ ಹೋಗಲಿಲ್ಲ. ರಾತ್ರಿ ನಂದಿಬಟ್ಟಲ ಹೂವನ್ನು ಕಣ್ಣ ಮೇಲೆ ಇಟ್ಕೊಂಡು ಮಲಗೋಳು. ಬೆರಳ ಗೆಣ್ಣು ನೋವಿಗೆ ಬೇರೆ ಎಣ್ಣೆ. ಬಾಯಿ ಒಣಗೋದಕ್ಕೆ ಪಕ್ಕದಲ್ಲೇ ಒಂದು ಚೊಂಬು ನೀರು. ನೀರಿಲ್ಲದೆ ಒಂದು ಚೂರು ಚಪಾತಿಯೂ ಗಂಟಲಲ್ಲಿ ಇಳೀತಿರಲಿಲ್ಲ. ನಾವೆಲ್ಲ ಇದನ್ನ ಮೂರು ಬೇರೆ ಬೇರೆ ಟಿಕೆಟ್ ಅಂತಲೇ ಅಂದ್ಕೊಂಡಿದ್ವಿ.

ಕೊನೆಗೆ ಬೆಂಗಳೂರಿಗೆ ಕರ್ಕೊಂಡು ಬಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಅಮ್ಮನ ಕೆಳರೆಪ್ಪೆಯೊಳಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, ಕಣ್ಣು ಮುಚ್ಚಿಸಿ, ಐದು ನಿಮಿಷ ಟೈಮರ್ ಇಟ್ಟರು. ಅಷ್ಟೇ ಟೆಸ್ಟು! ನನಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಓದಿದಾಗ ಗೊತ್ತಾಯ್ತು, ಇದನ್ನು 1903ರಲ್ಲಿ ಪ್ರಕಟಿಸಿದವರು ಜರ್ಮನಿಯ ಒಟ್ಟೊ ಶಿರ್ಮರ್. ಸೋಸು ಕಾಗದ ಕಣ್ಣೀರನ್ನು ಹೀರಿಕೊಳ್ಳುತ್ತೆ, ಎಷ್ಟು ಮಿಲಿಮೀಟರ್ ಒದ್ದೆಯಾಯ್ತು ಅಂತ ಅಳೆಯೋದು. ಹತ್ತರ ಮೇಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಐದಕ್ಕಿಂತ ಕಡಿಮೆ ಇದ್ದರೆ ಕಣ್ಣು ಚೆನ್ನಾಗೇ ಒಣಗಿದೆ ಅಂತ. ಅಮ್ಮನದು ಬಲಗಣ್ಣು ಮೂರು, ಎಡಗಣ್ಣು ನಾಲ್ಕು.

ಡಾಕ್ಟರ್ ಕಾಗದ ಕೆಳಗಿಟ್ಟು ಕೇಳಿದರು: "ಅಮ್ಮಾ, ಬಾಯಿ ಒಣಗುತ್ತಾ? ಕೀಲು ನೋವಿದೆಯಾ?"

ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. 1930ರ ಸುಮಾರಿಗೆ ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ ಎಂಬ ಯುವ ನೇತ್ರವೈದ್ಯರ ಹತ್ತಿರ ಒಬ್ಬ ಹೆಂಗಸು ಬಂದಳು. ಒಣಗಣ್ಣು, ಒಣಬಾಯಿ, ಕೀಲು ನೋವು, ಮೂರೂ ಇದ್ದವು. ಶೋಗ್ರೆನ್ ಅವನ್ನು ಬೇರೆ ಬೇರೆ ಮಾಡದೆ ಒಟ್ಟಿಗೆ ನೋಡಿದರು. ಅಂಥವರನ್ನೇ ಹುಡುಕಿ 1933ರಲ್ಲಿ ಪ್ರಬಂಧ ಬರೆದರು: 19 ರೋಗಿಗಳು, ಎಲ್ಲರೂ ಹೆಂಗಸರು, ಅವರಲ್ಲಿ 13 ಜನರಿಗೆ ಸಂಧಿವಾತ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಹುದ್ದೆಗೆ ಬೇಕಾದಷ್ಟು ದರ್ಜೆ ಆ ಪ್ರಬಂಧಕ್ಕೆ ಸಿಗಲಿಲ್ಲ. ಅವರು ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡ್ಕೊಂಡು ಇದ್ದರು. ಪ್ರಬಂಧ ಇದ್ದದ್ದು ಜರ್ಮನ್ ಭಾಷೆಯಲ್ಲಿ. 1943ರಲ್ಲಿ ಆಸ್ಟ್ರೇಲಿಯಾದ ಬ್ರೂಸ್ ಹ್ಯಾಮಿಲ್ಟನ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಹೊರಗಿನ ಜಗತ್ತಿಗೆ ಚೆನ್ನಾಗಿ ತಿಳಿಯಿತು. ನಮ್ಮದೇ ರೋಗನಿರೋಧಕ ಶಕ್ತಿ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿ ಬೀಳುವ ಈ ಕಾಯಿಲೆಗೆ ಇವತ್ತು ಅವರದೇ ಹೆಸರು.

ರಕ್ತಪರೀಕ್ಷೆ ಆಯ್ತು, ಸಂಧಿವಾತದ ಡಾಕ್ಟರೂ ನೋಡಿದರು. ಮೂರೂ ಟಿಕೆಟ್ ಒಂದೇ ಬಗ್. ಅಷ್ಟು ವರ್ಷ ನಾವು ಹೊಗೆಯನ್ನು ಬೈದಿದ್ದೆವು.

ಇನ್ನು ಡ್ರಾಪ್ಸ್ ವಿಷಯ. ಕಣ್ಣೀರು ಬರೀ ಉಪ್ಪುನೀರಲ್ಲ. ಲೋಳೆ, ನೀರು, ಮೇಲೆ ತೆಳ್ಳಗೆ ಎಣ್ಣೆ ಇರುವ ಪದರ. ಬರೀ ಉಪ್ಪುನೀರು ಬಿಟ್ಟರೆ ಕಣ್ಣಲ್ಲಿ ನಿಲ್ಲೋದಿಲ್ಲ. 1940ರ ದಶಕದಲ್ಲಿ ಮೀಥೈಲ್ ಸೆಲ್ಯುಲೋಸ್ ಬಂತು. ಗಿಡಮರದ ನಾರಿನಿಂದ ಮಾಡಿದ, ನೀರನ್ನು ಸ್ವಲ್ಪ ಗಟ್ಟಿ ಮಾಡುವ ವಸ್ತು. ಇವತ್ತು ನಮ್ಮ ಡೆಸ್ಕಿನ ಬಾಟಲಿಗಳಲ್ಲಿರುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅದರ ದಾಯಾದಿ. ದುಬಾರಿ ಡ್ರಾಪ್ಸಿನಲ್ಲಿರುವ ಹೈಯಲುರಾನಿಕ್ ಆಸಿಡ್ಡನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ! ಶೋಗ್ರೆನ್ ಕಾಯಿಲೆಯಂಥದ್ದರಲ್ಲಿ ಉರಿಯೂತ ತಗ್ಗಿಸೋಕೆ ಕೊಡುವ ಸೈಕ್ಲೋಸ್ಪೊರಿನ್ ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದ್ದು. ಮೊದಲು ಕಿಡ್ನಿ ಕಸಿ ಮಾಡಿದವರಿಗೆ ಬಳಸ್ತಿದ್ದರು. 2002ರಲ್ಲಿ ಅಮೆರಿಕದಲ್ಲಿ ಒಣಗಣ್ಣಿನ ಡ್ರಾಪ್ಸ್ ಆಗಿ ಒಪ್ಪಿಗೆ ಸಿಕ್ಕಿತು.

ಈ ಚರಿತ್ರೆಗೆ ಕಹಿ ಪುಟವೂ ಇದೆ. ಬಾಟಲಿ ಕೆಡದಿರಲಿ ಅಂತ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್, ದಿನಕ್ಕೆ ಹತ್ತು ಸಲ ಬಿಟ್ಕೊಂಡ್ರೆ ಕಣ್ಣಿನ ಮೇಲ್ಮೈಯನ್ನೇ ಕೆಡಿಸುತ್ತೆ. ಹಾಗಂತ ಅದಿಲ್ಲದ್ದೆಲ್ಲ ಒಳ್ಳೇದು ಅನ್ನೋ ಹಾಗೂ ಇಲ್ಲ. 2022-23ರಲ್ಲಿ ಅಮೆರಿಕದಲ್ಲಿ ಸಂರಕ್ಷಕ ಹಾಕದ, ಆದರೆ ದೊಡ್ಡ ಬಾಟಲಿಯಲ್ಲಿ ಮಾರುತ್ತಿದ್ದ ಡ್ರಾಪ್ಸಿನ ಜೊತೆ ನಂಟಿದ್ದ ಸೋಂಕು 81 ಜನರಿಗೆ ತಗುಲಿತು. 14 ಜನ ದೃಷ್ಟಿ ಕಳೆದುಕೊಂಡರು, 4 ಜನ ಸತ್ತರು. ಆ ಡ್ರಾಪ್ಸ್ ತಯಾರಾಗಿದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ.

ಹಾಗಾಗಿ ಈಗ ನಾನು ಲೇಬಲ್ ಓದ್ತೀನಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದರೆ ಸಂರಕ್ಷಕ ಇಲ್ಲದ್ದು, ಒಂದೇ ಸಲ ಬಳಸಿ ಎಸೆಯುವ ಪುಟ್ಟ ವಯಲ್. ಕೆಂಪು ಹೋಗಿಸುವ ಡ್ರಾಪ್ಸ್ ಒಣಗಣ್ಣಿಗೆ ಮದ್ದಲ್ಲ, ರಕ್ತನಾಳ ಕುಗ್ಗಿಸುತ್ತೆ ಅಷ್ಟೇ, ಬಿಟ್ಟ ಮೇಲೆ ಕೆಂಪು ಇನ್ನೂ ಜಾಸ್ತಿ. ಮೆಡಿಕಲ್ ಶಾಪಿನವರು ಸುಮ್ಮನೆ ಕೊಡುವ ಸ್ಟೀರಾಯ್ಡ್ ಡ್ರಾಪ್ಸ್ ಅಂತೂ ಬೇಡವೇ ಬೇಡ. ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು.

ಅವತ್ತೇ ನನ್ನ ಕಣ್ಣಿಗೂ ಕಾಗದ ಸಿಕ್ಕಿಸಿಕೊಂಡೆ. 14! ನೀರಿಗೇನೂ ಬರ ಇಲ್ಲ. ಪರದೆ ನೋಡ್ತಾ ರೆಪ್ಪೆ ಬಡಿಯೋದನ್ನೇ ಮರೀತೀನಿ, ರೆಪ್ಪೆಯ ಅಂಚಿನ ಎಣ್ಣೆ ಗ್ರಂಥಿಗಳೂ ಕಟ್ಟಿಕೊಂಡಿವೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಕಣ್ಣ ಮೇಲೆ ಇಡಿ, ಆಗಾಗ ದೂರ ನೋಡಿ ಅಂದರು. ಅಷ್ಟು ದಿನ ನಾನು ಬಿಟ್ಕೊಂಡ ಬಾಟಲಿಗಳ ಲೆಕ್ಕ ಹಾಕಿ ಪೆಚ್ಚಾದೆ.

ಅಮ್ಮ ಈಗ ಊರಲ್ಲೇ ಇದ್ದಾಳೆ. ದಿನಾ ಮಾತ್ರೆ, ಡ್ರಾಪ್ಸ್ ನಡೀತಿದೆ. ಫೋನ್ ಮಾಡಿದಾಗೆಲ್ಲ ಒಂದೇ ಜಗಳ. "ಇನ್ನೂ ನಾಲ್ಕು ತೊಟ್ಟು ಉಳಿದಿದೆ ಕಣಪ್ಪ, ಇದನ್ನ ಎಸೀಬೇಕಾ?"

"ಎಸಿ ಅಮ್ಮ," ಅಂತೀನಿ. ಎಸೀತಾಳೋ ಇಲ್ವೋ, ಊರಿಗೆ ಹೋದಾಗ ಫ್ರಿಜ್ ತೆಗೆದು ನೋಡ್ತೀನಿ.